ಚುಕ್ಕಿಯೇನೋ ಇದೆ, ಬಸ್ಸಿಗೆ ಯಾವ ಕಡೆ ನಿಲ್ಲಬೇಕು?

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ಬೆಂಗಳೂರಿನ ಬಸ್ ನಿಲ್ದಾಣಗಳ ಆನ್‌ಲೈನ್ ನಕ್ಷೆಯೊಂದನ್ನು ಮಾಡಿದ್ದೇವೆ. ಸ್ವಯಂಸೇವಕರು ಹಂಚಿಕೊಂಡಿದ್ದ ಜಿಟಿಎಫ್‌ಎಸ್ ಫೈಲನ್ನು (ನಿಲ್ದಾಣ, ಮಾರ್ಗ, ವೇಳಾಪಟ್ಟಿ ಇರುವ ಸಾರಿಗೆ ಮಾಹಿತಿಯ ಫೈಲು) ಲೀಫ್‌ಲೆಟ್ ಅನ್ನುವ, ವೆಬ್‌ಪುಟದಲ್ಲಿ ನಕ್ಷೆ ತೋರಿಸುವ ಸಿದ್ಧ ಕೋಡ್ ಲೈಬ್ರರಿಯಲ್ಲಿ ಹಾಕಿದೆವು. ನಿಲ್ದಾಣಗಳ ಎಂಟೊಂಬತ್ತು ಸಾವಿರ ಸಾಲುಗಳಿವೆ, ಕೆಲವನ್ನು ಜೊತೆಗೆ ಕಳಿಸಿದ್ದೇವೆ. ಮೊಬೈಲಿನಲ್ಲಿ ತೆರೆದರೆ ಹ್ಯಾಂಗ್ ಆಗುತ್ತದೆ. ಒಂದೇ ಹೆಸರು ನಾಲ್ಕು ಕಡೆ ಕಾಣಿಸುತ್ತದೆ, ಡೂಪ್ಲಿಕೇಟ್ ತೆಗೆದುಬಿಡೋಣವಾ? ಇಂಗ್ಲಿಷ್ ಹೆಸರುಗಳನ್ನು ಕಂಪ್ಯೂಟರಿನಿಂದಲೇ ಕನ್ನಡಕ್ಕೆ ಮಾಡಿಸಿದೆವು, ನೋಡಿದವರು ನಗುತ್ತಿದ್ದಾರೆ. ಮ್ಯಾಪ್‌ಲಿಬ್ರೆ ಅನ್ನುವ ಇನ್ನೊಂದು ಲೈಬ್ರರಿಗೆ ಬದಲಾಯಿಸೋಣ ಅಂತ ಒಬ್ಬ ಗೆಳೆಯ ಹೇಳುತ್ತಾನೆ, ಆದರೆ ಅದರಲ್ಲಿ ಹಾಕಿ ನೋಡಿದಾಗ ಒತ್ತಕ್ಷರಗಳೇ ಒಡೆದು ಬಂದವು. ಮೊದಲು ಯಾವುದನ್ನು ಸರಿಮಾಡಬೇಕು? ಮೆಟ್ರೊ ನಿಲ್ದಾಣಗಳನ್ನೂ ಸೇರಿಸಬೇಕಾ?

ಉತ್ತರ: ಲೈಬ್ರರಿ ಬದಲಾಯಿಸುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ನಕ್ಷೆಯ ಕಾಯಿಲೆ ಅಲ್ಲಿಲ್ಲ. ಹ್ಯಾಂಗ್ ಆಗುವುದನ್ನು ಒಂದು ಸಂಜೆಯಲ್ಲಿ ಸರಿಮಾಡಬಹುದು, ಅದನ್ನು ಆಮೇಲೆ ಹೇಳುತ್ತೇನೆ. ನೀವು "ಒಂದೇ ಹೆಸರು ನಾಲ್ಕು ಕಡೆ" ಅಂದಿರಲ್ಲ, ಕಥೆ ಇರುವುದು ಅಲ್ಲಿ.

ಸ್ವಲ್ಪ ನನ್ನ ಕಥೆ ಕೇಳಿ. ಕೆಲವು ವರ್ಷದ ಹಿಂದೆ ಹೊರವರ್ತುಲ ರಸ್ತೆಯಲ್ಲಿ ಒಂದು ಸಂಜೆ ಬಸ್ಸಿಗೆ ಕಾಯಬೇಕಿತ್ತು. ಮಳೆ ಬರುವ ಹಾಗಿತ್ತು. ಮೊಬೈಲಿನಲ್ಲಿದ್ದ ಆ್ಯಪ್ ನಿಲ್ದಾಣದ ಚುಕ್ಕಿಯನ್ನು ಸರಿಯಾಗಿ ರಸ್ತೆಯ ನಡುವೆ, ಡಿವೈಡರ್ ಮೇಲೆ ತೋರಿಸಿತು. ಡಿವೈಡರ್ ಮೇಲೆ ನಿಲ್ಲೋಕಾಗುತ್ತಾ? ನನಗೆ ಹತ್ತಿರವಿದ್ದ ಬದಿಯಲ್ಲಿ ನಿಂತೆ. ಹದಿನೈದು ನಿಮಿಷ ಆದಮೇಲೆ ನನ್ನ ಬಸ್ಸು ಬಂತು, ಎದುರು ಬದಿಯಲ್ಲಿ. ಅಷ್ಟಗಲ ರಸ್ತೆ, ನಡುವೆ ಕಬ್ಬಿಣದ ಬೇಲಿ. ಸ್ಕೈವಾಕ್ ಹತ್ತಿ ಇಳಿಯುವ ಹೊತ್ತಿಗೆ ಬಸ್ಸೂ ಹೋಗಿತ್ತು, ಮಳೆಯೂ ಶುರುವಾಗಿತ್ತು. ಆ್ಯಪ್ ಪ್ರಕಾರ ನಾನು ನಿಲ್ದಾಣದಿಂದ ಇಪ್ಪತ್ತು ಮೀಟರ್ ದೂರದಲ್ಲಿದ್ದೆ. ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ.

ನಿಲ್ದಾಣದ ನಕ್ಷೆ ತೆರೆಯುವವರು ನಿಲ್ದಾಣಗಳ ಅಂದ ನೋಡುವುದಕ್ಕೆ ತೆರೆಯುವುದಿಲ್ಲ. ಯಾವ ಬದಿಯಲ್ಲಿ ನಿಲ್ಲಬೇಕು, ಅಲ್ಲಿಗೆ ಯಾವ ಬಸ್ಸು ಬರುತ್ತದೆ ಅಂತ ತಿಳಿಯಲು ತೆರೆಯುತ್ತಾರೆ. ನಿಮ್ಮ ನಕ್ಷೆ ಈಗ ಈ ಎರಡಕ್ಕೂ ಉತ್ತರ ಕೊಡುತ್ತಿಲ್ಲ. ಕೊಡುವ ಹಾಗೆ ಮಾಡಿದರೆ ಅದು ಹಳೇ ಲೀಫ್‌ಲೆಟ್‌ನಲ್ಲೇ ಇದ್ದರೂ ಜನ ಬಳಸುತ್ತಾರೆ.

ನೀವು ಕಳಿಸಿದ ಸಾಲುಗಳಲ್ಲಿ ಮಾರತಹಳ್ಳಿ ಬ್ರಿಡ್ಜ್ ತೆಗೆದುಕೊಳ್ಳೋಣ. ಅಲ್ಲಿ ಹೊರವರ್ತುಲ ರಸ್ತೆಯೂ ಹಳೆ ವಿಮಾನ ನಿಲ್ದಾಣದ ರಸ್ತೆಯೂ ಒಂದರ ಮೇಲೊಂದು ದಾಟುತ್ತವೆ. ಸಿಲ್ಕ್ ಬೋರ್ಡ್ ಕಡೆ ಹೋಗುವ 500ಡಿ ಒಂದು ಬದಿ, ಹೆಬ್ಬಾಳದ ಕಡೆ ಹೋಗುವ ಅದೇ 500ಡಿ ಇನ್ನೊಂದು ಬದಿ. ಮೆಜೆಸ್ಟಿಕ್ ಕಡೆ ಹೋಗುವ 335ಇ ಬೇರೆ ರಸ್ತೆಯಲ್ಲಿ, ವೈಟ್‌ಫೀಲ್ಡ್ ಕಡೆ ಹೋಗುವುದು ಅದರ ಎದುರು. ಅಲ್ಲಿಗೆ ನಾಲ್ಕಾಯಿತು. ನಿಮ್ಮ ಫೈಲಿನಲ್ಲಿ ನಾಲ್ಕು ಸಾಲು ಇರುವುದು ತಪ್ಪಲ್ಲ, ಅದೇ ಸರಿ. ನಾಲ್ಕಕ್ಕೂ ಬರೀ "ಮಾರತಹಳ್ಳಿ ಬ್ರಿಡ್ಜ್" ಅಂತ ಹೆಸರಿಟ್ಟು ಒಂದೇ ಬಣ್ಣದ ಚುಕ್ಕಿ ಹಾಕಿದ್ದು ತಪ್ಪು. "ಡೂಪ್ಲಿಕೇಟ್ ತೆಗೆದುಬಿಡೋಣವಾ?" ಅಂತ ಕೇಳಿದ್ದೀರಿ. ದಯವಿಟ್ಟು ತೆಗೆಯಬೇಡಿ. ಹೆಸರು ನೋಡಿ ಒಂದಾಗಿಸಿದರೆ ನಿಮ್ಮ ಬಳಿ ಇರುವ ಒಳ್ಳೆಯ ಮಾಹಿತಿಯನ್ನೇ ಕಳೆದುಕೊಳ್ಳುತ್ತೀರಿ.

ಬ್ರಿಟನ್ನಿನಲ್ಲಿ ಇದಕ್ಕೊಂದು ಹಳೆಯ ಪರಿಹಾರವಿದೆ. ಅಲ್ಲಿ ನಾಪ್ಟಾನ್ ಅಂತ ದೇಶದ ಎಲ್ಲ ನಿಲ್ದಾಣಗಳ ಒಂದೇ ಪಟ್ಟಿ ಇದೆ. ಅದರಲ್ಲಿ ಪ್ರತಿ ನಿಲ್ದಾಣಕ್ಕೂ ಹೆಸರಿನ ಜೊತೆ ಇನ್ನೆರಡು ಕಲಂ ಇವೆ. ಬಸ್ಸು ಯಾವ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತದೆ ಅನ್ನುವುದು ಒಂದು, ಎಂಟು ದಿಕ್ಕುಗಳಲ್ಲಿ. ಗುರುತಿನ ವಸ್ತುವಿನ "ಎದುರು", "ಪಕ್ಕ", "ಮುಂದೆ" ಅಂತ ಹೇಳುವುದು ಇನ್ನೊಂದು. ಜಿಟಿಎಫ್‌ಎಸ್‌ನಲ್ಲಿ ಹೀಗೆ ದಿಕ್ಕಿಗೊಂದು ಕಲಂ ಇಲ್ಲ. ಅದು 2005ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನ ಸಾರಿಗೆ ಸಂಸ್ಥೆ ಟ್ರೈಮೆಟ್ ಮತ್ತು ಗೂಗಲ್ ಸೇರಿ ಪ್ರಯಾಣದ ದಾರಿ ಹುಡುಕಲು ಶುರುಮಾಡಿದ ಮಾದರಿ. ದಾರಿ ಹುಡುಕುವ ಯಂತ್ರಕ್ಕೆ ದಿಕ್ಕು ಬೇಕಿಲ್ಲ, ವೇಳಾಪಟ್ಟಿ ಸಾಕು. ಬೇಕಾಗಿರುವುದು ರಸ್ತೆಬದಿ ನಿಂತಿರುವ ಮನುಷ್ಯನಿಗೆ.

ಆದರೆ ದಿಕ್ಕನ್ನು ನೀವೇ ಲೆಕ್ಕ ಹಾಕಬಹುದು. ಫೈಲಿನಲ್ಲಿ ಬಸ್ಸಿನ ಹಾದಿ ಸಿಗುತ್ತದೆ, ಅದೇ ಶೇಪ್ಸ್ ಅನ್ನುವ ಕಡತ. ನಿಲ್ದಾಣಕ್ಕೆ ಅತಿ ಹತ್ತಿರ ಬರುವ ಜಾಗದಲ್ಲಿ ಆ ಹಾದಿಯನ್ನು ಹಿಡಿದು, ಹಿಂದೆ ಮೂವತ್ತು ಮೀಟರ್, ಮುಂದೆ ಮೂವತ್ತು ಮೀಟರ್ ತುಂಡನ್ನು ನೋಡಿ. ಆ ತುಂಡು ಯಾವ ಕಡೆ ಹೋಗುತ್ತದೋ ಅದೇ ನಿಲ್ದಾಣದ ದಿಕ್ಕು. ಈ ನಿಲ್ದಾಣದಿಂದ ಮುಂದಿನ ನಿಲ್ದಾಣಕ್ಕೆ ನೇರ ಗೆರೆ ಎಳೆಯುವವರೂ ಇದ್ದಾರೆ. ಅದನ್ನು ನಂಬಬೇಡಿ. ನಮ್ಮ ಊರಿನಲ್ಲಿ ಬಸ್ಸು ಯೂ-ಟರ್ನ್ ಹೊಡೆದು ಸರ್ವಿಸ್ ರಸ್ತೆಗೆ ಇಳಿಯುವುದು ಜಾಸ್ತಿ, ಆ ಗೆರೆ ನಿಮ್ಮನ್ನು ಉಲ್ಟಾ ನಿಲ್ಲಿಸಿಬಿಡುತ್ತದೆ.

ಇದರ ಜೊತೆ ಇನ್ನೊಂದು ಸೊಗಸಾದ ಪರೀಕ್ಷೆ ಬಿಟ್ಟಿಯಾಗಿ ಸಿಗುತ್ತದೆ. ನಮ್ಮಲ್ಲಿ ವಾಹನ ಎಡಕ್ಕೆ ಹೋಗುತ್ತದೆ, ಬಸ್ಸಿನ ಬಾಗಿಲೂ ಎಡಕ್ಕೆ. ಹಾಗಾಗಿ ನಿಲ್ದಾಣ ಬಸ್ಸಿನ ಹಾದಿಯ ಎಡಗಡೆಗೇ ಇರಬೇಕು. ಹಾದಿಯ ತುಂಡಿನ ಮೊದಲ ತುದಿ, ಕೊನೆಯ ತುದಿ, ನಿಲ್ದಾಣ, ಈ ಮೂರು ಬಿಂದು ಇದ್ದರೆ ಒಂದು ಗುಣಾಕಾರ, ಇನ್ನೊಂದು ಗುಣಾಕಾರ, ಒಂದು ವ್ಯವಕಲನ. ಬರುವ ಉತ್ತರ ಧನವೋ ಋಣವೋ ಅನ್ನುವುದರಲ್ಲೇ ಎಡವೋ ಬಲವೋ ಗೊತ್ತಾಗುತ್ತದೆ. ಮಾರತಹಳ್ಳಿಯಲ್ಲಿ ಸಿಲ್ಕ್ ಬೋರ್ಡ್ ಕಡೆಯ ಬಸ್ಸು ದಕ್ಷಿಣಕ್ಕೆ ಹೋಗುತ್ತದೆ. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಎಡಗೈ ಪೂರ್ವಕ್ಕೆ. ಹಾಗಾಗಿ ಆ ನಿಲ್ದಾಣ ರಸ್ತೆಯ ಪೂರ್ವ ಬದಿಯಲ್ಲಿರಬೇಕು. ನಿಮ್ಮ ಚುಕ್ಕಿ ಪಶ್ಚಿಮದಲ್ಲಿದ್ದರೆ ಒಂದೋ ಅದು ತಪ್ಪು ಜಾಗದಲ್ಲಿದೆ, ಇಲ್ಲವೋ ಎರಡು ನಿಲ್ದಾಣಗಳು ಅದಲು ಬದಲಾಗಿವೆ. ಇಡೀ ಫೈಲಿಗೆ ಇದನ್ನು ಓಡಿಸಿ, ಬಲಕ್ಕೆ ಬಿದ್ದ ಚುಕ್ಕಿಗಳಿಗೆಲ್ಲ ಕೆಂಪು ಬಳಿಯಿರಿ. ತಿದ್ದಬೇಕಾದ ಕೆಲಸದ ಪಟ್ಟಿ ಅಲ್ಲೇ ಸಿದ್ಧ.

ಎರಡು ಎಚ್ಚರಿಕೆ. ಕೆಲವು ಫೈಲುಗಳಲ್ಲಿ ಹಾದಿಯನ್ನು ರಸ್ತೆಯ ಮೇಲೆ ಬಿಡಿಸಿರುವುದಿಲ್ಲ, ಸುಮ್ನೆ ನಿಲ್ದಾಣದಿಂದ ನಿಲ್ದಾಣಕ್ಕೆ ಗೆರೆ ಎಳೆದಿರುತ್ತಾರೆ. ಆಗ ಹಾದಿ ಚುಕ್ಕಿಯ ಮೇಲೇ ಹಾದುಹೋಗುವುದರಿಂದ ಎಡವೂ ಇಲ್ಲ, ಬಲವೂ ಇಲ್ಲ. ಮೊದಲು ಆ ಹಾದಿಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನ (ಜನರೇ ಸೇರಿ ಮಾಡಿದ ಮುಕ್ತ ನಕ್ಷೆ) ರಸ್ತೆಗಳಿಗೆ ಹೊಂದಿಸಿಕೊಳ್ಳಬೇಕು. ಇನ್ನೊಂದು, ಎಲ್ಲ ಬಸ್ಸೂ ಎಡಬಾಗಿಲಿನದಲ್ಲ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ನಿಲ್ದಾಣಗಳು ರಸ್ತೆಯ ನಡುವೆಯೇ ಇವೆ. ನಾಳೆ ಯಾರಾದರೂ ನಿಮ್ಮ ಕೋಡನ್ನು ಅಲ್ಲಿಗೆ ಒಯ್ದರೆ ಚಿಗರಿ ನಿಲ್ದಾಣಗಳೆಲ್ಲ ಕೆಂಪಾಗಿ ಕಾಣುತ್ತವೆ. ಅದು ಅವುಗಳ ತಪ್ಪಲ್ಲ.

ಈಗ ಹೆಸರಿನ ಮಾತು. "ಪೂರ್ವ ಬದಿ", "ಆಗ್ನೇಯ" ಅಂತೆಲ್ಲ ತೋರಿಸಬೇಡಿ. ಬಸ್ಸು ಹತ್ತುವವರು ದಿಕ್ಸೂಚಿ ಇಟ್ಟುಕೊಂಡು ಓಡಾಡುವುದಿಲ್ಲ. ಕಂಡಕ್ಟರ್ ಬಾಗಿಲಲ್ಲಿ ನಿಂತು ಏನಂತ ಕೂಗುತ್ತಾರೆ? "ಹೆಬ್ಬಾಳ ಹೆಬ್ಬಾಳ ಹೆಬ್ಬಾಳ!" ಅಷ್ಟೇ. ನಮ್ಮ ಭಾಷೆಯಲ್ಲಿ ಇದಕ್ಕೆ ಹೇಳಿಮಾಡಿಸಿದ ಪದ ಇದೆ: "ಕಡೆಗೆ". ಮಾರತಹಳ್ಳಿ ಬ್ರಿಡ್ಜ್, ಅದರ ಕೆಳಗೆ ಸಣ್ಣದಾಗಿ "ಸಿಲ್ಕ್ ಬೋರ್ಡ್ ಕಡೆಗೆ". ಆ ಎರಡನೇ ಸಾಲೇ ಇಡೀ ನಕ್ಷೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಸಾಲು.

"ಕಡೆಗೆ" ಮುಂದೆ ಯಾವ ಊರು ಬರೆಯಬೇಕು ಅನ್ನುವುದು ಮಾತ್ರ ಸ್ವಲ್ಪ ಯೋಚಿಸಬೇಕಾದ್ದು. ಬಸ್ಸಿನ ಕೊನೆಯ ನಿಲ್ದಾಣ ಹಾಕಿದರೆ ಆಗುವುದಿಲ್ಲ. ಒಂದೇ ನಿಲ್ದಾಣಕ್ಕೆ ಇಪ್ಪತ್ತು ಮಾರ್ಗ ಬಂದರೆ ಇಪ್ಪತ್ತು ಕೊನೆ. ನಾನು ಮಾಡುವುದು ಹೀಗೆ. ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ನಲವತ್ತೈವತ್ತು ಜಾಗಗಳ ಪಟ್ಟಿಯನ್ನು ಕೈಯಿಂದಲೇ ಬರೆಯುತ್ತೇನೆ: ಮೆಜೆಸ್ಟಿಕ್, ಶಿವಾಜಿನಗರ, ಕೆ.ಆರ್. ಮಾರ್ಕೆಟ್, ಬನಶಂಕರಿ, ಹೆಬ್ಬಾಳ, ಸಿಲ್ಕ್ ಬೋರ್ಡ್, ಟಿನ್ ಫ್ಯಾಕ್ಟರಿ, ಯಶವಂತಪುರ, ಹೀಗೆ. ಆಮೇಲೆ ಆ ನಿಲ್ದಾಣದಿಂದ ಮುಂದಕ್ಕೆ ಹೋಗುವ ಎಲ್ಲ ಟ್ರಿಪ್ಪುಗಳನ್ನು ನೋಡಿ, ಆ ಪಟ್ಟಿಯಲ್ಲಿ ಯಾವ ಜಾಗವನ್ನು ಅತಿ ಹೆಚ್ಚು ಟ್ರಿಪ್ಪುಗಳು ಹಾಯುತ್ತವೋ ಅದನ್ನು ತೆಗೆದುಕೊಳ್ಳುತ್ತೇನೆ. ಎದುರು ಬದಿಯ ನಿಲ್ದಾಣಕ್ಕೂ ಅದೇ ಉತ್ತರ ಬಂದರೆ (ಮೆಜೆಸ್ಟಿಕ್ಕಿಗೆ ಎರಡು ಕಡೆಯಿಂದಲೂ ಬಸ್ಸಿರುವ ಜಾಗಗಳು ಇವೆ) ಎರಡನೆಯ ಜಾಗಕ್ಕೆ ಇಳಿಯುತ್ತೇನೆ. ಆ ಪಟ್ಟಿಯನ್ನು ಕಂಪ್ಯೂಟರಿಗೆ ಬಿಡಬೇಡಿ. ಅಮ್ಮನನ್ನು ಕೇಳಿ, ಮನೆ ಹತ್ತಿರದ ಆಟೊದವರನ್ನು ಕೇಳಿ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಚುಕ್ಕಿಯ ಆಕಾರವೂ ಇದನ್ನೇ ಹೇಳಬೇಕು. ದುಂಡಗಿನ ಚುಕ್ಕಿಗೆ ಮುಖ ಇಲ್ಲ. ಅದಕ್ಕೊಂದು ಸಣ್ಣ ಮೂಗು ಕೊಡಿ, ಬಸ್ಸು ಹೋಗುವ ಕಡೆಗೆ. ದೂರದಿಂದ ನೋಡಿದಾಗ ಮೂಗು ಬೇಡ. ಹತ್ತಿರ ಹೋದಾಗ, ರಸ್ತೆಯ ಎರಡು ಬದಿ ಬೇರೆ ಬೇರೆಯಾಗಿ ಕಾಣುವ 16-17ನೇ ಝೂಮಿನಲ್ಲಿ, ಬರಲಿ.

ಮೆಜೆಸ್ಟಿಕ್ಕಿನಂಥ ಜಾಗದ ಲೆಕ್ಕ ಬೇರೆ. ಅಲ್ಲಿ ಎರಡು ಬದಿಯಲ್ಲ, ಸಾಲುಸಾಲು ಪ್ಲಾಟ್‌ಫಾರ್ಮ್. ಜಿಟಿಎಫ್‌ಎಸ್‌ನಲ್ಲಿ ಇದಕ್ಕೆ ವ್ಯವಸ್ಥೆ ಇದೆ: ಇಡೀ ನಿಲ್ದಾಣ ತಾಯಿ ಸಾಲು, ಪ್ಲಾಟ್‌ಫಾರ್ಮ್‌ಗಳು ಮಕ್ಕಳ ಸಾಲು, ಪ್ರತಿ ಮಗುವಿಗೂ ಪ್ಲಾಟ್‌ಫಾರ್ಮ್ ಸಂಖ್ಯೆ. ದೂರದಿಂದ ತಾಯಿ ಒಂದೇ ಕಾಣಲಿ, ಹತ್ತಿರದಿಂದ ಮಕ್ಕಳು. ನಿಮ್ಮ ಫೈಲಿನಲ್ಲಿ ತಾಯಿ ಕಲಂ ಪೂರ್ತಿ ಖಾಲಿ ಇದೆ. ದೊಡ್ಡ ನಿಲ್ದಾಣಗಳು ಬೆರಳೆಣಿಕೆಯಷ್ಟೇ ಅಲ್ವಾ, ಕೈಯಲ್ಲೇ ತುಂಬಿಸಿ.

ಇನ್ನು ಅಂಕಿಗಳ ವಿಷಯ. ನೀವು ಕಳಿಸಿದ ಸಾಲುಗಳಲ್ಲಿ ಕೆಲವು "12.956, 77.701" ಅಂತ ಮೂರೇ ದಶಮಾಂಶದಲ್ಲಿ ನಿಂತಿವೆ. ಅಕ್ಷಾಂಶದ ಒಂದು ಡಿಗ್ರಿ ಅಂದರೆ ಸುಮಾರು 111 ಕಿಲೋಮೀಟರ್. ಮೂರನೇ ದಶಮಾಂಶದ ಒಂದು ಹೆಜ್ಜೆ 111 ಮೀಟರ್. ಅಂದರೆ ನಿಮ್ಮ ಚುಕ್ಕಿ ಆಚೀಚೆ ಐವತ್ತು ಮೀಟರ್ ತಪ್ಪಿರಬಹುದು. ರಸ್ತೆ ದಾಟಿ ಪಕ್ಕದ ಕಟ್ಟಡದೊಳಗೆ ಹೋಗಲು ಅಷ್ಟು ಸಾಕು. ಐದು ದಶಮಾಂಶ ಇದ್ದರೆ ಒಂದು ಮೀಟರಿನ ಲೆಕ್ಕ, ಅದಕ್ಕಿಂತ ಹೆಚ್ಚು ಬೇಕಿಲ್ಲ. ಕೆಲವು ಸಾಲುಗಳಲ್ಲಿ ಹದಿನಾಲ್ಕು ದಶಮಾಂಶ ಇದೆ, ಅದೂ ಅಳೆದದ್ದಲ್ಲ, ಯಾವುದೋ ಲೆಕ್ಕಾಚಾರದ ಬಾಲ. ಕತ್ತರಿಸಿ ಹಾಕಿ, ಫೈಲೂ ಹಗುರವಾಗುತ್ತದೆ.

ಊರಿನ ಹೊರಗೆ ಬಿದ್ದ ಚುಕ್ಕಿಗಳನ್ನು ಸುಲಭದಲ್ಲಿ ಹಿಡಿಯಬಹುದು. ಅಕ್ಷಾಂಶ ರೇಖಾಂಶ ಅದಲು ಬದಲಾದರೆ ಬೆಂಗಳೂರಿನ ನಿಲ್ದಾಣ ಉತ್ತರ ಧ್ರುವದ ಹತ್ತಿರ, ಸ್ವಾಲ್‌ಬಾರ್ಡ್ ದ್ವೀಪಗಳ ಪಶ್ಚಿಮ ಕರಾವಳಿಯ ಬಳಿ ಹೋಗಿ ಕೂರುತ್ತದೆ. ಎರಡೂ ಖಾಲಿ ಇದ್ದು ಸೊನ್ನೆ ಆದರೆ ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯ ನೀರಿನಲ್ಲಿ. ಈ ಅದಲು ಬದಲು ಯಾಕೆ ಇಷ್ಟು ಸಾಮಾನ್ಯ ಅಂದರೆ, ಲೀಫ್‌ಲೆಟ್ ಮೊದಲು ಅಕ್ಷಾಂಶ ಕೇಳುತ್ತದೆ, ಜಿಯೋಜೇಸನ್ ಅನ್ನುವ ನಕ್ಷೆಯ ಫೈಲ್ ಮಾದರಿ ಮೊದಲು ರೇಖಾಂಶ ಕೇಳುತ್ತದೆ. ಇಷ್ಟು ವರ್ಷ ಆದಮೇಲೂ ನಾನು ಪ್ರತಿ ಸಲ ಒಮ್ಮೆ ತಪ್ಪಿಯೇ ಮುಂದೆ ಹೋಗುವುದು.

ಕನ್ನಡಕ್ಕೆ ಬರೋಣ. ಇಲ್ಲಿ ನಿಮ್ಮದು ಎರಡು ಬೇರೆ ಬೇರೆ ತೊಂದರೆ, ಒಂದೇ ಅಂದುಕೊಂಡಿದ್ದೀರಿ.

ಒತ್ತಕ್ಷರ ಒಡೆಯುವುದು ಮೊದಲನೆಯದು. ಮ್ಯಾಪ್‌ಲಿಬ್ರೆ ಹೆಸರುಗಳನ್ನು ಬ್ರೌಸರಿನ ಕೈಗೆ ಕೊಡದೆ ತಾನೇ ಬರೆಯುತ್ತದೆ. ಅದಕ್ಕಾಗಿ ಪ್ರತಿ ಯೂನಿಕೋಡ್ ಸಂಕೇತಕ್ಕೂ ಒಂದೊಂದು ಚಿತ್ರವನ್ನು ಸರ್ವರಿನಿಂದ ತಂದು, ಒಂದರ ಪಕ್ಕ ಒಂದು ಜೋಡಿಸುತ್ತದೆ. ಇಂಗ್ಲಿಷಿಗೆ ಇದು ನಡೆಯುತ್ತದೆ. ಕನ್ನಡಕ್ಕೆ ನಡೆಯುವುದಿಲ್ಲ. ಲಗ್ಗೆರೆ ಅನ್ನುವಾಗ "ಗ್ಗೆ" ಅನ್ನುವುದಕ್ಕೆ ಯೂನಿಕೋಡಿನಲ್ಲಿ ಒಂದೇ ಸಂಕೇತ ಇಲ್ಲ. ಗ, ವಿರಾಮ ಚಿಹ್ನೆ, ಮತ್ತೊಂದು ಗ, ಎತ್ವ, ಹೀಗೆ ನಾಲ್ಕು ತುಂಡು. ಅವನ್ನು ಕೂಡಿಸಿ ಒತ್ತನ್ನು ಕೆಳಗಿಳಿಸಿ ಬರೆಯುವುದು ಫಾಂಟು ಮತ್ತು ಹಾರ್ಫ್‌ಬಜ್‌ನಂಥ ತಂತ್ರಾಂಶದ ಕೆಲಸ. ಆ ಹಂತವನ್ನು ಬಿಟ್ಟುಬಿಟ್ಟರೆ ಗ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ಪೆಚ್ಚಾಗಿ ನಿಂತಿರುತ್ತದೆ. ನೀವು ನೋಡಿದ್ದು ಅದನ್ನೇ. ಲೀಫ್‌ಲೆಟ್‌ನ ಲೇಬಲ್ ಸಾಧಾರಣ ವೆಬ್‌ಪುಟದ ಪಠ್ಯ, ಬ್ರೌಸರೇ ಬರೆಯುತ್ತದೆ, ಹಾಗಾಗಿ ಕನ್ನಡ ಸರಿಯಾಗಿ ಬರುತ್ತದೆ. ಮುಂದೆ ಯಾವಾಗಲಾದರೂ ಮ್ಯಾಪ್‌ಲಿಬ್ರೆಗೆ ಹೋಗಲೇಬೇಕಾದರೆ, ಮೊದಲು ಆ ಆವೃತ್ತಿಯಲ್ಲಿ "ಲಗ್ಗೆರೆ", "ಕೃಷ್ಣರಾಜಪುರ", "ಅರ್ಕಾವತಿ" ಈ ಮೂರನ್ನು ಬರೆದು ನೋಡಿ. ಒಡೆದರೆ, ಹೆಸರನ್ನು ಬ್ರೌಸರಿನ ಕ್ಯಾನ್ವಾಸ್ (ಚಿತ್ರ ಬಿಡಿಸುವ ಹಲಗೆ) ಮೇಲೆ ಬರೆಸಿ, ಆ ಚಿತ್ರವನ್ನು ಐಕಾನಾಗಿ ಕೊಡುವ ಉಪಾಯ ಇದೆ. ಸುತ್ತುದಾರಿ, ಆದರೆ ಅಕ್ಷರ ಒಡೆಯುವುದಿಲ್ಲ.

ಅಂದಹಾಗೆ ಲೇಬಲ್ಲಿನ ಅಳತೆ ಇಂಗ್ಲಿಷಿಗೆ ಇಟ್ಟಷ್ಟೇ ಇಡಬೇಡಿ. ಹನ್ನೊಂದು ಪಿಕ್ಸೆಲ್ಲಿನಲ್ಲಿ ಇಂಗ್ಲಿಷ್ ಓದಬಹುದು, ಕನ್ನಡದ ಒತ್ತು ಮಸಿಯ ಕಲೆಯಂತೆ ಕಾಣುತ್ತದೆ. ಹದಿನಾಲ್ಕಾದರೂ ಇರಲಿ. ಸಾಲಿನ ಎತ್ತರ ಒಂದೂವರೆ ಪಟ್ಟು ಕೊಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಿಗೆ ಕೆಳಗಿನ ಸಾಲಿನ ಗುಡಿಸು ತಾಗುತ್ತದೆ.

ಎರಡನೆಯದು, ಜನ ನಗುತ್ತಾರೆ ಅಂದಿರಲ್ಲ, ಅದು. ಇಂಗ್ಲಿಷಿನಲ್ಲಿ ಬರೆದ ನಮ್ಮ ಊರಿನ ಹೆಸರಿಗೆ ಹ್ರಸ್ವ ದೀರ್ಘದ ಗುರುತೇ ಇರುವುದಿಲ್ಲ. ಬೇಗೂರು ಅಲ್ಲಿಗೆ ಹೋಗಿ ವಾಪಸ್ ಬಂದರೆ ಬೆಗುರ್ ಆಗಿರುತ್ತದೆ. ಕೋಡಿಹಳ್ಳಿ ಕೊಡಿಹಲ್ಲಿ ಆಗುತ್ತದೆ, ಹಳ್ಳಿಗೆ ಹಲ್ಲು ಬಂದಂತೆ. ಎಚ್‌ಎಎಲ್ ಅನ್ನುವುದು ಹಲ್ ಆಗುತ್ತದೆ. ಅದನ್ನು ನೋಡಿ ನಗದೆ ಇನ್ನೇನು ಮಾಡುತ್ತಾರೆ? ಕಂಪ್ಯೂಟರಿನ ಲಿಪ್ಯಂತರವನ್ನು ಕರಡು ಅಂತ ಮಾತ್ರ ಇಟ್ಟುಕೊಳ್ಳಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕನ್ನಡ ಹೆಸರಿಗೆ ಪ್ರತ್ಯೇಕ ಜಾಗ ಇದೆ, ನಿಮ್ಮ ಚುಕ್ಕಿಗೆ ಹತ್ತಿರದ ಬಡಾವಣೆ, ರಸ್ತೆ, ನಿಲ್ದಾಣಗಳ ಹೆಸರು ಎಷ್ಟೋ ಅಲ್ಲಿ ಸಿಗುತ್ತವೆ. ಉಳಿದದ್ದಕ್ಕೆ ತಂಗುದಾಣದ ಬೋರ್ಡೇ ಇದೆಯಲ್ಲ, ಕನ್ನಡದಲ್ಲೇ ಬರೆದಿರುತ್ತಾರೆ. ಫೋಟೊ ತೆಗೆಯಿರಿ, ಟೈಪ್ ಮಾಡಿ. ಯಾರಾದರೂ ಕನ್ನಡ ಪಟ್ಟಿ ಕೊಟ್ಟರೆ ಅದು ಯೂನಿಕೋಡೋ ಅಥವಾ ನುಡಿ, ಬರಹದ ಹಳೆಯ ಫಾಂಟಿನದೋ ಅಂತ ಮೊದಲು ನೋಡಿ. ಹಳೆಯ ಫಾಂಟಿನದಾದರೆ ಪರಿವರ್ತಕದಲ್ಲಿ ಹಾಕಿಯೇ ಬಳಸಬೇಕು. ಎಕ್ಸೆಲ್ಲಿನಲ್ಲಿ ತೆರೆದು ಉಳಿಸುವಾಗಲೂ ಹುಷಾರು: ಯುಟಿಎಫ್-8 ಅಂತ ಆಯ್ಕೆ ಮಾಡದಿದ್ದರೆ ಕನ್ನಡವೆಲ್ಲ ಪ್ರಶ್ನೆಚಿಹ್ನೆಗಳ ಸಾಲಾಗುತ್ತದೆ, ಸಂಖ್ಯೆಯ ಕಲಂ ಅನ್ನು ಪಠ್ಯ ಅಂತ ತೆರೆಯದಿದ್ದರೆ ನಿಲ್ದಾಣದ ಸಂಖ್ಯೆಯ ಮುಂದಿನ ಸೊನ್ನೆಗಳೂ ಹಾರಿಹೋಗುತ್ತವೆ.

ಹುಡುಕಾಟದ ಪೆಟ್ಟಿಗೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದರ ಮೂಲವೂ ಇದೇ. ಯಶವಂತಪುರವನ್ನು ಇಂಗ್ಲಿಷಿನಲ್ಲಿ ಎಷ್ಟು ರೀತಿ ಬರೆಯುತ್ತಾರೆ ಎಣಿಸಿ ನೋಡಿ. ಟಿ ಆದಮೇಲೆ ಎಚ್ ಇರಬಹುದು, ಇಲ್ಲದಿರಬಹುದು. ವಿ ಬದಲು ಡಬ್ಲ್ಯು. ಕೊನೆಯಲ್ಲಿ ಎ ಇದೆ, ಇಲ್ಲ. ನಿಮ್ಮ ಪೆಟ್ಟಿಗೆ ಇವುಗಳಲ್ಲಿ ಒಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ "ಸಿಗಲಿಲ್ಲ" ಅನ್ನುತ್ತದೆ. ಪ್ರತಿ ಹೆಸರಿಗೂ ಒಂದು ಎಲುಬುಗೂಡು ಮಾಡಿಟ್ಟುಕೊಳ್ಳಿ: ಸ್ವರಗಳನ್ನೆಲ್ಲ ತೆಗೆಯಿರಿ, ಮಹಾಪ್ರಾಣವನ್ನು ಅಲ್ಪಪ್ರಾಣ ಮಾಡಿ, ಶ ಷ ಸ ಒಂದೇ, ಳ ಲ ಒಂದೇ, ಣ ನ ಒಂದೇ, ಇಂಗ್ಲಿಷಿನ ವಿ ಡಬ್ಲ್ಯು ಒಂದೇ, ಅನುಸ್ವಾರ ನ ಆಗಲಿ, ಎರಡು ಸಲ ಬಂದ ಅಕ್ಷರ ಒಂದಾಗಲಿ. ಆಗ ಕನ್ನಡದ ಯಶವಂತಪುರವೂ ಇಂಗ್ಲಿಷಿನ ಎಲ್ಲ ಅವತಾರಗಳೂ ಯ-ಸ-ವ-ನ-ತ-ಪ-ರ ಅನ್ನುವ ಒಂದೇ ಗೂಡಿಗೆ ಬಂದು ಸೇರುತ್ತವೆ. ಹೂಡಿಯಂಥ ಚಿಕ್ಕ ಹೆಸರಿಗೆ ಎರಡೇ ಎಲುಬು ಉಳಿಯುವುದರಿಂದ ಅಲ್ಲಿ ಬೇಡದ್ದೂ ಬಂದೀತು. ಅಕ್ಷರಶಃ ಹೊಂದಿದ್ದನ್ನು ಮೇಲೆ ತೋರಿಸಿದರೆ ಸಾಕು. ಅದಕ್ಕೂ ಮೊದಲು ಕಣ್ಣಿಗೆ ಕಾಣದ ಎರಡು ಅಕ್ಷರಗಳನ್ನು ತೆಗೆಯಲು ಮರೆಯಬೇಡಿ, ಶೂನ್ಯ ಅಗಲದ ಜೋಡಕ ಮತ್ತು ಬೇರ್ಪಡಕ. "ಮಾರ್ಕೆಟ್‌ನಲ್ಲಿ" ಅಂತ ಟೈಪ್ ಮಾಡುವಾಗ ಟ್ ಮತ್ತು ನ ನಡುವೆ ಬೇರ್ಪಡಕ ಬಂದು ಕೂತಿರುತ್ತದೆ. ಅದು ಇದ್ದರೂ ಇಲ್ಲದಿದ್ದರೂ ಓದುವವರಿಗೆ ಒಂದೇ ಪದ, ಕಂಪ್ಯೂಟರಿಗೆ ಬೇರೆ. ಓ ಕಾರವನ್ನೂ ಒಂದೇ ಸಂಕೇತದಲ್ಲಿ ಅಥವಾ ಮೂರು ತುಂಡಾಗಿ ಬರೆಯಲು ಯೂನಿಕೋಡಿನಲ್ಲಿ ಅವಕಾಶ ಇದೆ. ಎಲ್ಲವನ್ನೂ ಎನ್‌ಎಫ್‌ಸಿ ಅನ್ನುವ ಒಂದೇ ಪ್ರಮಾಣಿತ ರೂಪಕ್ಕೆ ತಂದು ಆಮೇಲೆ ಹೋಲಿಸಿ.

ಎಲುಬುಗೂಡಿನಿಂದ ಆಗದ ಕೆಲಸ ಒಂದಿದೆ, ಅಡ್ಡಹೆಸರು. ಮೆಜೆಸ್ಟಿಕ್ ಅಂದರೆ ಕೆಂಪೇಗೌಡ ಬಸ್ ನಿಲ್ದಾಣ ಅಂತ ಯಾವ ಸೂತ್ರವೂ ಹೇಳುವುದಿಲ್ಲ. ಸಿಟಿ ರೈಲ್ವೆ ಸ್ಟೇಷನ್ ಅಂತ ಹುಡುಕುವವರಿಗೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ ಸಿಗಬೇಕು. ಕಾರ್ಪೊರೇಷನ್ ಅಂದರೂ ಹಡ್ಸನ್ ಸರ್ಕಲ್ ಅಂದರೂ ಒಂದೇ ಕಡೆ. ಇದಕ್ಕೆ ಬೇರೆ ಪಟ್ಟಿಯೇ ಬೇಕು, ಅದೂ ಕೈಯಲ್ಲಿ.

ಈಗ ವೇಗದ ಮಾತು, ಬೇಗ ಮುಗಿಸುತ್ತೇನೆ. ಲೀಫ್‌ಲೆಟ್‌ನ ಮಾಮೂಲಿ ಮಾರ್ಕರ್ ಒಂದೊಂದೂ ಪುಟದಲ್ಲಿ ಒಂದೊಂದು ಚಿತ್ರ. ಒಂಬತ್ತು ಸಾವಿರ ಚಿತ್ರಗಳನ್ನು ಎಳೆದಾಡು ಅಂದರೆ ಯಾವ ಮೊಬೈಲೂ ಸುಸ್ತಾಗುತ್ತದೆ. ಕ್ಯಾನ್ವಾಸ್ ಆಯ್ಕೆಯನ್ನು ಆನ್ ಮಾಡಿ, ಮಾರ್ಕರ್ ಬದಲು ವೃತ್ತದ ಮಾರ್ಕರ್ ಬಳಸಿ. ಅಷ್ಟಕ್ಕೇ ನಿಮ್ಮ ದೂರಿನ ಮುಕ್ಕಾಲು ಪಾಲು ಹೋಗುತ್ತದೆ. ಪರದೆಯ ಹೊರಗಿರುವುದನ್ನು ಬಿಡಿಸಬೇಡಿ. ಮೂಗು ಮತ್ತು ಹೆಸರನ್ನು ಹತ್ತಿರದ ಝೂಮಿನಲ್ಲಿ, ಪರದೆಯಲ್ಲಿ ಕಾಣುವ ನಲವತ್ತೈವತ್ತಕ್ಕೆ ಮಾತ್ರ ಹಾಕಿ. ಇಡೀ ರಾಜ್ಯದ ನಿಲ್ದಾಣ ಹಾಕುವ ದಿನ ಬಂದರೆ ವೆಕ್ಟರ್ ಟೈಲ್ (ನಕ್ಷೆಯ ಮಾಹಿತಿಯನ್ನು ತುಂಡುತುಂಡಾಗಿ ಕಳಿಸುವ ವಿಧಾನ) ಯೋಚಿಸೋಣ, ಒಂದು ಊರಿಗೆ ಬೇಡ.

ಚುಕ್ಕಿಗಳನ್ನು ಗುಂಪು ಮಾಡಿ "214" ಅಂತ ಬರೆದ ಗುಳ್ಳೆ ತೋರಿಸುವ ಪ್ಲಗಿನ್ ಹಾಕುವವರೂ ಇದ್ದಾರೆ. ನನಗಂತೂ ಅದು ಇಷ್ಟವಿಲ್ಲ. ಜಯನಗರದ ಮೇಲೆ 214 ಅಂತ ಗುಳ್ಳೆ ಇದ್ದರೆ ಅದರಿಂದ ಯಾರಿಗೆ ಏನು ತಿಳಿಯಿತು? ಅದರ ಬದಲು ದೂರದ ಝೂಮಿನಲ್ಲಿ ದಿನಕ್ಕೆ ಹೆಚ್ಚು ಬಸ್ಸು ಬರುವ ನಿಲ್ದಾಣಗಳನ್ನಷ್ಟೇ ತೋರಿಸಿ, ಹತ್ತಿರ ಬಂದ ಹಾಗೆ ಸಣ್ಣವು ಬರಲಿ. ಊರಿನ ಬಸ್ಸಿನ ನರಮಂಡಲ ತಾನೇ ಕಾಣುತ್ತದೆ.

"ನಾನೆಲ್ಲಿದ್ದೇನೆ" ಗುಂಡಿ ಹಾಕಿ, ಆದರೆ ಅದನ್ನು ಪೂರ್ತಿ ನಂಬಬೇಡಿ. ಮೊಬೈಲಿನ ಜಿಪಿಎಸ್ ಬಯಲಿನಲ್ಲಿ ಸುಮಾರು ಐದು ಮೀಟರ್ ಆಚೀಚೆ ಹೇಳುತ್ತದೆ. ಮೇಲ್ಸೇತುವೆಯ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಇನ್ನೂ ಕೆಡುತ್ತದೆ. ನೀವು ರಸ್ತೆಯ ಯಾವ ಬದಿಯಲ್ಲಿದ್ದೀರಿ ಅನ್ನುವುದೇ ಅದಕ್ಕೆ ಗೊತ್ತಾಗದಿರಬಹುದು. ಬ್ರೌಸರು ಕೊಡುವ ನಿಖರತೆಯ ವೃತ್ತವನ್ನು ಮುಚ್ಚಿಡದೆ ತೋರಿಸಿ. ಹತ್ತಿರದ ಒಂದೇ ನಿಲ್ದಾಣ ತೋರಿಸುವ ಬದಲು ಎರಡೂ ಬದಿಯದನ್ನು ಪಟ್ಟಿಯಾಗಿ ಕೊಡಿ, "ಹೆಬ್ಬಾಳ ಕಡೆಗೆ", "ಸಿಲ್ಕ್ ಬೋರ್ಡ್ ಕಡೆಗೆ". ಕಣ್ಣು ಕಾಣದವರ ಮೊಬೈಲು ಓದಿ ಹೇಳಲು ಸಾಧ್ಯವಾಗುವುದೂ ಆ ಪಟ್ಟಿಯನ್ನೇ, ನಕ್ಷೆಯನ್ನಲ್ಲ.

ಜನರು ತಪ್ಪು ಹೇಳುವ ದಾರಿ ನಿಮ್ಮ ನಕ್ಷೆಯಲ್ಲಿ ಇಲ್ಲ. ಪ್ರತಿ ನಿಲ್ದಾಣದ ಮೇಲೆ ಒತ್ತಿದಾಗ "ಇಲ್ಲಿ ಇಲ್ಲ, ಸ್ಥಳ ಬದಲಾಗಿದೆ" ಅನ್ನುವ ಒಂದು ಗುಂಡಿ ಇರಲಿ. ಮೆಟ್ರೊ ಕಾಮಗಾರಿ, ವೈಟ್ ಟಾಪಿಂಗ್ (ರಸ್ತೆಗೆ ಕಾಂಕ್ರೀಟು ಹಾಕುವುದು) ಅಂತ ನಿಲ್ದಾಣಗಳು ನೂರು ಮೀಟರ್ ಆಚೆ ಹೋಗುವುದು ನಮ್ಮಲ್ಲಿ ನಿತ್ಯದ ಮಾತು. ಬಂದ ತಿದ್ದುಪಡಿಗಳನ್ನು ಮೂಲ ಫೈಲಿನೊಳಗೇ ಬರೆಯಬೇಡಿ. ಪ್ರತ್ಯೇಕ ಪಟ್ಟಿಯಲ್ಲಿಡಿ, ಮೇಲಿಂದ ಹೊದಿಸಿ. ಮೂಲದಲ್ಲೇ ಬರೆದರೆ ಹೊಸ ಫೈಲು ಬಂದಾಗ ನಿಮ್ಮ ಆರು ತಿಂಗಳ ಕೆಲಸ ಒಂದೇ ಏಟಿಗೆ ಅಳಿಸಿಹೋಗುತ್ತದೆ. ನಿಲ್ದಾಣದ ಸಂಖ್ಯೆಗಳೂ ಹೊಸ ಫೈಲಿನಲ್ಲಿ ಬದಲಾಗಬಹುದು, ಹಾಗಾಗಿ ತಿದ್ದುಪಡಿಯ ಜೊತೆ ಹಳೆಯ ಹೆಸರು ಮತ್ತು ಜಾಗವನ್ನೂ ಬರೆದಿಟ್ಟುಕೊಳ್ಳಿ, ಮತ್ತೆ ಹೊಂದಿಸಲು ಬೇಕಾಗುತ್ತದೆ. "ಯಾರೋ ನೋಡಿದ್ದು ಈ ದಿನ" ಅಂತ ತಾರೀಕು ತೋರಿಸಿದರೆ ನೋಡುವವರಿಗೆ ಎಷ್ಟು ನಂಬಬೇಕು ಅಂತ ತಿಳಿಯುತ್ತದೆ.

ಚುಕ್ಕಿ ಸರಿಸುವಾಗ ಗೂಗಲ್ ಮ್ಯಾಪ್ ನೋಡಿ ನಕಲು ಮಾಡಬೇಡಿ, ಮುಖ್ಯವಾಗಿ ಅದನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹಾಕುವ ಯೋಚನೆ ಇದ್ದರೆ. ಅಲ್ಲಿ ಅದಕ್ಕೆ ಅವಕಾಶ ಇಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಹೆಸರನ್ನು ನಕ್ಷೆಯ ಮೂಲೆಯಲ್ಲಿ ಕಾಣುವಂತೆ ಹಾಕಿ, ನಿಮ್ಮ ಈಗಿನ ಪುಟದಲ್ಲಿ ಅದು ಮೊಬೈಲಿನ ಕೆಳಪಟ್ಟಿಯ ಹಿಂದೆ ಅಡಗಿದೆ. ನಕ್ಷೆಯ ಚಿತ್ರವನ್ನು ತುಂಡುತುಂಡಾಗಿ ಕಳಿಸುವ ಅವರ ಟೈಲ್ ಸರ್ವರ್ ನಡೆಯುವುದು ದೇಣಿಗೆಯಿಂದ. ನಿಮ್ಮ ನಕ್ಷೆಗೆ ಜನ ಜಾಸ್ತಿ ಬರಲು ಶುರುವಾದರೆ ಬೇರೆ ಟೈಲ್ ವ್ಯವಸ್ಥೆ ಮಾಡಿಕೊಳ್ಳಿ.

ಕೊನೆಯ ಪ್ರಶ್ನೆ, ಮೆಟ್ರೊ. ಸೇರಿಸಿ. ಆದರೆ ನಿಲ್ದಾಣಕ್ಕೆ ಒಂದು ಚುಕ್ಕಿಯಂತಲ್ಲ, ಬಾಗಿಲಿಗೆ ಒಂದು ಚುಕ್ಕಿಯಂತೆ. ಬಸ್ಸಿಳಿದವರಿಗೆ ಬೇಕಾಗುವುದು ಪ್ಲಾಟ್‌ಫಾರ್ಮಿನ ನಡುಬಿಂದು ಅಲ್ಲ, ರಸ್ತೆ ದಾಟದೆ ಹೋಗಬಹುದಾದ ಮೆಟ್ಟಿಲು ಅಥವಾ ಲಿಫ್ಟು. ಜಿಟಿಎಫ್‌ಎಸ್‌ನಲ್ಲಿ ಸ್ಥಳದ ಬಗೆ 2 ಅಂದರೆ ಪ್ರವೇಶದ್ವಾರ, ಅದು ಇರುವುದೇ ಇದಕ್ಕೆ. ಗಾಲಿಕುರ್ಚಿ ಹೋಗುತ್ತದೋ ಇಲ್ಲವೋ ಅನ್ನುವ ಕಲಂ ಕೂಡ ಇದೆ. ಲಿಫ್ಟ್ ಯಾವ ಬಾಗಿಲಲ್ಲಿದೆ ಅಂತ ಫೈಲಿನಲ್ಲಿ ಸಿಗದಿದ್ದರೆ ಒಂದು ಭಾನುವಾರ ಹಸಿರು ಮಾರ್ಗದಲ್ಲಿ ನೀವು, ನೇರಳೆಯಲ್ಲಿ ಒಬ್ಬರು, ಹಳದಿಯಲ್ಲಿ ಇನ್ನೊಬ್ಬರು ಹಂಚಿಕೊಂಡು ಹೊರಡಿ. ಮೂವರಿದ್ದೀರಿ, ಈ ಮಾರ್ಗಗಳೂ ಮೂರು.